ಎಡಗಾಲಿನ ಅಳತೆ

ಹುನಗುಂದ ಡಿಪೊದ ಗೇಟು ದಾಟಿ ಬಂದ ಮುರ್ತುಜಸಾಬನಲ್ಲಿ ಕಂಡಕ್ಟರ್ ಹುಲ್ಲಪ್ಪ ಮೊದಲು ನೋಡಿದ್ದು ಮುಖವನ್ನಲ್ಲ, ಪ್ಯಾಂಟನ್ನು. ಬಲಗಾಲಿನ ಖಾಕಿ ಚಪ್ಪಲಿಯ ಮೇಲೆ ಸರಿಯಾಗಿ ಕೂತಿತ್ತು. ಎಡಗಾಲಿನದು ಅಷ್ಟು ಕೆಳಗೆ ಬಂದಿರಲೇ ಇಲ್ಲ. ಹರಡಿನ ಮೇಲೇ ನಿಂತುಬಿಟ್ಟಿತ್ತು.

"ಏನೋ ಸಾಬಾ, ದಾರ್ಯಾಗ ಒಂದ ಕಾಲಿಗಷ್ಟ ಕೆಸರು ಸಿಕ್ತೇನು? ಒಂದ ಕಡೀ ಏರಿಸ್ಕೊಂಡು ಬಂದೀಯಲ್ಲ!"

ಬಸ್ಸಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಮುರ್ತುಜಸಾಬನೂ ನಕ್ಕ. ಮೂಳೆಯ ಆಪರೇಶನ್ ಆದ ಮೇಲೆ ಅವನು ಡಿಪೊಗೆ ಬಂದದ್ದು ಇದೇ ಮೊದಲು. ಇಷ್ಟು ದಿನ ಇಳಕಲ್ಲಿನ ಮನೆಯಲ್ಲಿ ಲುಂಗಿ ಸುತ್ತಿಕೊಂಡು ಕಳೆದಿದ್ದ. ಇವತ್ತು ದವಾಖಾನೆಯ ಕಾಗದ ಕೊಡಲು ಬರಬೇಕಿತ್ತು. ಬರುವಾಗ ಖಾಕಿ ಹಾಕಿಕೊಂಡೇ ಬರಬೇಕು ಎನ್ನಿಸಿ ಹಾಕಿಕೊಂಡಿದ್ದ. ಕನ್ನಡಿಯಲ್ಲಿ ಮೀಸೆ ನೋಡಿಕೊಂಡಿದ್ದನೇ ಹೊರತು ಕೆಳಗೆ ನೋಡಿರಲಿಲ್ಲ.

"ತಡಿ, ನಗಬ್ಯಾಡ್ರಿ," ಎಂದ ಹುಲ್ಲಪ್ಪ. ಅವನ ದನಿ ಬದಲಾಗಿತ್ತು. "ಎರಡೂ ಕಾಲು ಜೋಡಿಸಿ ನಿಂದ್ರು ನೋಡೂಣು."

ನಿಂತ. ಹುಲ್ಲಪ್ಪ ಕುಕ್ಕರಗಾಲಲ್ಲಿ ಕೂತು, ಟೈರಿನ ಗಾಳಿ ನೋಡುವವನ ಹಾಗೆ ತಲೆ ಓರೆ ಮಾಡಿ ನೋಡಿದ. ಎರಡು ಅಂಚುಗಳ ನಡುವೆ ಬೆರಳಿಟ್ಟ. ಒಂದು ಬೆರಳು ಪೂರ್ತಿ ಹಿಡಿದು ಇನ್ನೂ ಜಾಗ ಉಳಿಯಿತು.

"ಡಾಕ್ಟರ್ ಬಾಯಿ ನಿನ್ನ ಎಡಗಾಲು ಉದ್ದ ಮಾಡಿ ಕಳಿಸ್ಯಾಳಲೇ."

ಈ ಸಲ ಯಾರೂ ನಗಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು: ಮುಂದಿನ ತಿಂಗಳು ಬಾಗಲಕೋಟೆಯಲ್ಲಿ ಮುರ್ತುಜಸಾಬನ ತಪಾಸಣೆ ಇದೆ. ಆಸರೆಯಿಲ್ಲದೆ ಎಡಗಾಲೊಂದರ ಮೇಲೆ ನೆಟ್ಟಗೆ ನಿಲ್ಲಬೇಕು, ಕುಂಟದೆ ನಡೆಯಬೇಕು. ಅದಾದರೆ ಮತ್ತೆ ಸ್ಟೇರಿಂಗು. ಆಗದಿದ್ದರೆ ಡಿಪೊದ ಒಳಗೆ ಯಾವುದೋ ಸ್ಟೂಲಿನ ಮೇಲೆ ಕೂತು, ಬೇರೆಯವರು ಬಸ್ಸು ಹೊರತೆಗೆಯುವುದನ್ನು ನೋಡುತ್ತ ನಿವೃತ್ತಿಯಾಗುವುದು. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾದಾಮಿಗೆ ಹೋಗುವ ಬಸ್ಸನ್ನು ಅವನು ಎಷ್ಟು ವರ್ಷ ಓಡಿಸಿದ್ದನೆಂದರೆ, ಆ ರಸ್ತೆಯ ಮೇಲಿನ ಊರುಗಳಲ್ಲಿ ಮಕ್ಕಳಿಗೆ ಬಸ್ಸು ಎಂದರೆ 'ಸಾಬನ ಗಾಡಿ'.

*

ಎಡಗಾಲಿಗೆ ಬಸ್ಸಿನಲ್ಲಿ ಒಂದೇ ಕೆಲಸ, ಕ್ಲಚ್ಚು ಒತ್ತುವುದು. ಪ್ರತಿ ರಸ್ತೆಯುಬ್ಬಿಗೆ, ಪ್ರತಿ ನಿಲ್ದಾಣಕ್ಕೆ, ಅಡ್ಡ ಬಂದ ಪ್ರತಿ ಎಮ್ಮೆಗೆ. ಅವನ ಎಡಸೊಂಟದ ಕೀಲಿನಲ್ಲಿ ಗುಂಡಗಿರುವ ಮೂಳೆ ರಕ್ತ ಸಿಗದೆ ಸತ್ತು, ನಿಧಾನವಾಗಿ ಕುಸಿದಿತ್ತು. ಕ್ಲಚ್ಚಿನಿಂದ ಹಾಗಾಯಿತು ಎಂದು ಅವನು ಹೇಳುತ್ತಿದ್ದ. ಹಾಗೇನಿಲ್ಲ, ಯಾರಿಗೂ ಆಗಬಹುದು ಎಂದು ನವನಗರದ ಡಾಕ್ಟರ್ ಗೀತಾಂಜಲಿ ಹೇಳಿದ್ದಳು. ಕಾರಣ ಯಾವುದೇ ಇರಲಿ, ಕೊನೆಕೊನೆಗೆ ಅವನು ಡ್ರೈವರ್ ಬಾಗಿಲಿನಿಂದ ಇಳಿಯುವುದಕ್ಕೆ ಎರಡೂ ಕೈಯಿಂದ ತೊಡೆಯನ್ನು ಎತ್ತಿ ಹೊರಗಿಡುತ್ತಿದ್ದ. ಹೆಂಡತಿ ಜೋಹರಾ ಜಗಳವಾಡಿ ದವಾಖಾನೆಗೆ ಕರೆದೊಯ್ದಳು. ಹಾಳಾದ ಕೀಲನ್ನು ತೆಗೆದು ಹೊಸ ಬಟ್ಟಲು, ಹೊಸ ಗುಂಡು ಕೂಡಿಸಿದರು.

ಎಚ್ಚರವಾದಾಗ ನೋವಿನ ಜಾಗದಲ್ಲಿ ಗಾಯದ ಉರಿ ಮಾತ್ರ ಇತ್ತು. ಹಳೆಯ ನೋವು, ಆ ಒಳಗಿನ ಹಲ್ಲುಕಡಿತ, ಇರಲೇ ಇಲ್ಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಹೋಗುವ ದಿನ ನರ್ಸುಗಳಿಂದ ಹಿಡಿದು ಕಸಗುಡಿಸುವ ಅಮ್ಮನವರೆಗೆ ಎಲ್ಲರಿಗೂ ಅಮೀನಗಡದ ಕರದಂಟು ಹಂಚಿಸಿದ್ದ. ಡಾಕ್ಟರಿಗೆ ಎರಡು ಪೊಟ್ಟಣ.

ಒಂದೇ ಒಂದು ಸಣ್ಣ ಅನುಮಾನ ಆಗಿನಿಂದಲೂ ಇತ್ತು. ನಿಂತರೆ ಎಡಗಾಲು ಉದ್ದವಾದ ಹಾಗೆ, ನೆಲ ಅಲ್ಲಿ ಮಾತ್ರ ಸ್ವಲ್ಪ ಮುಂಚೆ ಬಂದ ಹಾಗೆ. ಕೇಳಿದಾಗ ಗೀತಾಂಜಲಿ, "ಹಂಗ ಅನಸ್ತೈತ್ರಿ. ಸ್ನಾಯು ಬಿಗಿ ಅದಾವ. ಗೋಡಿ ಹಿಡದು ನಿಂದ್ರೂದು ಮಾಡ್ರಿ, ತಾನ ಹೋಗ್ತೈತಿ," ಎಂದಿದ್ದಳು. ನಂಬಿದ್ದ. ದಿನವೂ ಗೋಡೆ ಹಿಡಿದು ಎಡಗಾಲ ಮೇಲೆ ನಿಲ್ಲುತ್ತಿದ್ದ. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಆ ಸದ್ದಿಗೇ ಲೆಕ್ಕ ಹಿಡಿಯುತ್ತಿದ್ದ.

ಆದರೆ ಅದು ಬರೀ ಅನಿಸಿಕೆಯಾಗಿದ್ದಾಗಿನ ಮಾತು. ಈಗ ಸಾಕ್ಷಿ ಸಿಕ್ಕಿತ್ತು. ಸಾಕ್ಷಿ ಬೇರೆ ಯಾವುದೋ ಪ್ಯಾಂಟಾಗಿದ್ದರೆ ಅವನು ಮರೆತುಬಿಡುತ್ತಿದ್ದನೇನೋ. ಇದು ಜೋಹರಾ ಹೊಲಿದ ಪ್ಯಾಂಟು.

ಸಂಸ್ಥೆಯವರು ಕೊಡುವ ಖಾಕಿ ಬಟ್ಟೆಯನ್ನು ಅವನು ಎಂದೂ ಟೇಲರಿಗೆ ಕೊಟ್ಟವನಲ್ಲ. ಮದುವೆಯಾದಾಗಿನಿಂದ ಜೋಹರಾಳೇ ಹೊಲಿಯುವುದು. ಇಳಕಲ್ಲಿನ ಅಂಗಡಿಗಳವರು ಸೀರೆಗೆ ಫಾಲ್ ಹಚ್ಚಲು ಆಕೆಗೇ ಕೊಡುತ್ತಾರೆ. ಮದುಮಗಳ ಖಣದ ಕುಪ್ಪಸವಿದ್ದರೆ ಹುನಗುಂದದಿಂದಲೂ ಬರುತ್ತಾರೆ. ಹೊಲಿದ ಮೇಲೆ ಬಿಗಿಯಾಯಿತು, ಸಡಿಲಾಯಿತು ಎಂದು ವಾಪಸ್ ಬಂದ ಬಟ್ಟೆ ಒಂದೂ ಇಲ್ಲ. ಇಂಥ ಕೈ ಒಂದೇ ಪ್ಯಾಂಟಿನ ಎರಡು ಕಾಲಿಗೆ ಎರಡು ಅಳತೆ ಹಿಡಿದೀತೇ? ಹಾಗಾದರೆ ತಪ್ಪಿದ್ದು ಯಾರು? ಉಳಿದವಳು ಒಬ್ಬಳೇ, ಡಾಕ್ಟರ್.

ಹಂಚಿದ ಕರದಂಟನ್ನು ವಾಪಸ್ ಕೇಳುವಂತಿರಲಿಲ್ಲ.

ಜೋಹರಾ ಊರಲ್ಲಿರಲಿಲ್ಲ. ಬಾದಾಮಿಯಲ್ಲಿ ಮಗಳು ನರ್ಗೀಸಳಿಗೆ ಎರಡನೇ ಹೆರಿಗೆ. ದೊಡ್ಡ ಮಗುವಿನ ಶಾಲೆ ಬಿಡಿಸಲಾಗದೆ ನರ್ಗೀಸ ತವರಿಗೆ ಬಂದಿರಲಿಲ್ಲ, ತವರೇ ಅಲ್ಲಿಗೆ ಹೋಗಿತ್ತು. ಜೋಹರಾ ತನ್ನ ಗಂಡ ಕೋಲು ಬಿಟ್ಟು ನಡೆಯುವವರೆಗೆ ಕಾದಿದ್ದು ಹೋಗಿದ್ದಳು. ಅವತ್ತು ಫೋನಿನಲ್ಲಿ, "ಕಾಲು ಹೆಂಗದಾವ್ರಿ?" ಎಂದು ಕೇಳಿದಳು.

"ಆರಾಮ ಅದಾವ. ಕೂಸು?"

"ಕೂಸು ನಿಮ್ಮಂಗ. ಹಸಿವಾದ್ರ ಹಾರ್ನ್ ಹೊಡಿತೈತಿ."

ಬಾಣಂತಿ ಮನೆಯಲ್ಲಿರುವವಳಿಗೆ ಇದನ್ನೆಲ್ಲ ಯಾಕೆ ಹೇಳುವುದು ಎಂದು ಸುಮ್ಮನಾದ.

*

ಡ್ರೈವರನಿಗೆ ಡ್ರೈವರನ ಉಪಾಯವೇ ಹೊಳೆಯುತ್ತದೆ. ಒಂದು ಕಡೆ ತಗ್ಗಿದ್ದರೆ ಆ ಕಡೆ ಎತ್ತರ ಮಾಡು. ಹುನಗುಂದದ ಬಸ್‌ಸ್ಟ್ಯಾಂಡಿನ ಹೊರಗೆ ಚಪ್ಪಲಿ ಹೊಲಿಯುವವನ ಹತ್ತಿರ ಹಳೆಯ ಟೈರಿನ ತುಂಡೊಂದನ್ನು ಕೊಯ್ಯಿಸಿ, ಬಲಗಾಲಿನ ಚಪ್ಪಲಿಯ ಕೆಳಗೆ ಬಡಿಸಿಕೊಂಡ. ಹಾಕಿಕೊಂಡು ನಿಂತ ಕೂಡಲೇ ಎಡಸೊಂಟದ ಪಕ್ಕದ ಎಳೆತ ನಿಂತುಹೋಯಿತು. ಎಷ್ಟು ಹಿತವೆನ್ನಿಸಿತೆಂದರೆ, ಹುಲ್ಲಪ್ಪನ ಬೆನ್ನು ತಟ್ಟಿ ಚಹಾ ಕುಡಿಸಿದ.

ಗೋಡೆ ಹಿಡಿದು ನಿಲ್ಲುವುದನ್ನು ಬಿಟ್ಟ. ಉದ್ದವಾದ ಕಾಲಿನ ಮೇಲೆ ನಿಂತು ಮಾಡುವುದೇನು?

ಹತ್ತಿಪ್ಪತ್ತು ದಿನ ಕಳೆಯುವಷ್ಟರಲ್ಲಿ ಅವನ ನಡಿಗೆ ಕೆಟ್ಟಿತು. ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ತೂಗುತ್ತಿತ್ತು, ಒಂದು ಕಡೆ ಸ್ಪ್ರಿಂಗಿನ ಪ್ಲೇಟು ಮುರಿದ ಬಸ್ಸಿನ ಹಾಗೆ. ನೋವು ಇರಲಿಲ್ಲ, ಬಲವೂ ಇರಲಿಲ್ಲ. ಮಸೀದಿಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೋ, "ಆಪರೇಶನ್ ಆಗೂದು ಇನ್ನೂ ಐತೇನು ಭಾಯಿ?" ಎಂದು ಕೇಳಿದರು.

ಹುಲ್ಲಪ್ಪನಿಗೆ ತಡೆಯಲಾಗಲಿಲ್ಲ. ವಾರದ ರಜೆಯ ದಿನ ಇಳಕಲ್ಲಿಗೆ ಬಂದು ಅವನನ್ನು ಎಬ್ಬಿಸಿದ.

"ನಡಿ ಬಾಗಲಕೋಟಿಗೆ. ಕೆಡಿಸಿದವ್ರ ಕಡಿಂದನ ಸರಿ ಮಾಡಸೂಣು."

"ಜಗಳ ಆಡಬ್ಯಾಡ ಮತ್ತ."

"ನಾ ಯಾಕ ಆಡ್ಲಿ? ನಾ ಕಂಡಕ್ಟರ್. ಹತ್ತಸೂದು ಇಳಸೂದು ಅಷ್ಟ ನನ್ನ ಕೆಲಸ. ಜಗಳ ನೀ ಆಡು."

*

ನವನಗರದ ರಸ್ತೆಗಳಿಗೆ ಸೆಕ್ಟರ್ ನಂಬರು ಬಿಟ್ಟರೆ ಬೇರೆ ಗುರುತಿಲ್ಲ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಕಣ್ಣುಮುಚ್ಚಿ ಬಸ್ಸು ತಿರುಗಿಸುತ್ತಿದ್ದ ಮುರ್ತುಜಸಾಬ ಇಲ್ಲಿ ಪ್ರತಿ ಸಲವೂ ಒಂದು ತಿರುವು ತಪ್ಪುತ್ತಿದ್ದ. ಅವತ್ತೂ ತಪ್ಪಿದ. ದವಾಖಾನೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು, ಸಿಟ್ಟೂ.

ಗೀತಾಂಜಲಿ ಅವನು ಬಾಗಿಲಿನಿಂದ ಕುರ್ಚಿಯವರೆಗೆ ಬರುವುದನ್ನು ನೋಡಿದಳು. ಮುಖದ ನಗು ಅರ್ಧಕ್ಕೇ ನಿಂತಿತು.

"ಇದೇನ್ರಿ ಕಾಲಾಗ? ಟೈರಾ?"

"ಹೌದ್ರಿ. ನೀವು ಎಡಗಾಲು ಉದ್ದ ಮಾಡಿದ್ರಿ, ನಾ ಬಲಗಾಲು ಎತ್ತರ ಮಾಡ್ಕೊಂಡೇನಿ. ಲೆಕ್ಕ ಚುಕ್ತಾ."

ಅವಳು ಹೊಸ ಎಕ್ಸ್‌ರೇ ತೆಗೆಸಿದಳು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿ ಇಟ್ಟು, ಇಬ್ಬರನ್ನೂ ಹತ್ತಿರ ಕರೆದಳು.

"ಇದು ನಿಮ್ಮ ಹಳೇ ಸೊಂಟ. ಗುಂಡು ಕುಸದು, ಸವದು, ಮ್ಯಾಲಕ್ಕ ಏರಿಬಿಟ್ಟೈತಿ. ಕಾಲು ಗಿಡ್ಡಾಗೇತಿ. ಈಗ ಇಲ್ಲಿ ನೋಡ್ರಿ." ಸೊಂಟದ ಮೂಳೆಯ ಪಕ್ಕದಿಂದ ತೊಡೆಯ ಮೂಳೆಯ ನೆತ್ತಿಯವರೆಗೆ ಬೆರಳೆಳೆದಳು. "ಇಲ್ಲಿಂದ ಇಲ್ಲಿಗೆ ಒಂದು ಸ್ನಾಯು ಬರ್ತೈತಿ. ಚಿತ್ರದಾಗ ಕಾಣಂಗಿಲ್ಲ. ನೀವು ಒಂದ ಕಾಲ ಮ್ಯಾಲ ನಿಂತಾಗ ಸೊಂಟ ಆ ಕಡೀ ಬೀಳದಂಗ ಎಳದು ಹಿಡಿಯೂದು ಇದ. ಟೆಂಟಿನ ಹಗ್ಗ ಇದ್ದಂಗ. ಗೂಟ ಕಂಬದ ಬುಡಕ್ಕ ಬಂದ್ರ ಹಗ್ಗ ಏನಾಗ್ತೈತಿ?"

"ಸಡ್ಲ ಬೀಳ್ತೈತಿ," ಎಂದ ಹುಲ್ಲಪ್ಪ. ಮುರ್ತುಜಸಾಬ ಅವನನ್ನು ದುರುಗುಟ್ಟಿ ನೋಡಿದ.

"ನಿಮ್ಮ ಸ್ನಾಯು ವರ್ಷಗಟ್ಟಲೆ ಸಡ್ಲ ಬಿದ್ದಿತ್ತು. ಅದಕ್ಕ ಕುಂಟತಿದ್ರಿ. ಬರೀ ನೋವಿಗಲ್ಲ. ಈಗ ನಾ ಮಾಡಿದ್ದು ನೋಡ್ರಿ. ಹೊಸಾ ಬಟ್ಟಲಾ ಮ್ಯಾಲ ಸವದಿದ್ದ ಜಾಗಕ್ಕನ ಕೂಡಿಸಿದ್ರ ನನಗ ಕೆಲಸ ಹಗುರ ಆಗ್ತಿತ್ತು. ಆದ್ರ ಹಗ್ಗ ಸಡ್ಲನ ಉಳಿತಿತ್ತು, ನೀವು ಜೀವ ಇರೂತನಕ ಕುಂಟತಿದ್ರಿ. ಅದಕ್ಕ ಬಟ್ಟಲಾ ಕೆಳಗ, ಅಲ್ಲಾ ಕೊಟ್ಟ ಜಾಗಕ್ಕನ ತಂದೇನಿ. ಗುಂಡಿನ ಕುತ್ತಿಗಿನೂ ಅಳತಿ ನೋಡಿ ಆರಿಸೇನಿ, ತೊಡಿ ಮೂಳಿ ಬೇಕಾದಷ್ಟು ಹೊರಗ ಬರೂಹಂಗ. ಈಗ ಹಗ್ಗಕ್ಕ ಬಿಗಿ ಬಂದೈತಿ. ಭಾಳ ದಿನ ಮಲಗಿದವನ್ನ ಎಬ್ಬಿಸಿದಂಗ, ಅದು ತಕರಾರು ಮಾಡ್ತೈತಿ. ಕಾಲು ಉದ್ದಾತು ಅಂತ ಅನಸ್ತೈತಿ."

"ಟೈರ್ ಹಾಕಿದ್ರ ಹಿತ ಅನಸ್ತೈತಲ್ರಿ ಮತ್ತ?"

"ಆ ಹಿತಾನ ಕೆಡಿಸಿದ್ದು. ಬಲಗಡೆ ಎತ್ತಿದ್ರ ಸೊಂಟ ಎಡಕ್ಕ ವಾಲ್ತೈತಿ, ಎಡಗಡೆ ಹಗ್ಗ ಮತ್ತ ಸಡ್ಲ. ನಾ ಎಬ್ಬಿಸಿದ್ದನ್ನ ನೀವು ಜೋಗುಳ ಹಾಡಿ ಮಲಗಿಸಿಬಿಟ್ರಿ."

ಹುಲ್ಲಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ಅವಳು ಮುರ್ತುಜಸಾಬನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಸೊಂಟವನ್ನು ನೆಟ್ಟಗೆ ಮಾಡಿ, ಎರಡೂ ಹಿಮ್ಮಡ ಜೋಡಿಸಿದಳು. "ಕಂಡಕ್ಟರ್ ಸಾಹೇಬರ, ನೀವ ನೋಡಿ ಹೇಳ್ರಿ."

"ಸಮ ಅದಾವಲೇ ಸಾಬಾ! ಜೋಡೆತ್ತಿನಂಗ ಅದಾವ!"

"ನನಗ ಕಾಣ್ಲಿಲ್ಲ," ಎಂದ ಮುರ್ತುಜಸಾಬ ಛಾವಣಿ ನೋಡುತ್ತ.

ಎದ್ದು ನಿಂತ. ಪ್ಯಾಂಟಿನ ಎಡ ಅಂಚನ್ನು ತೋರಿಸಿದ. ಎಲ್ಲ ಸರಿ, ಹಾಗಾದರೆ ಇದೇನು?

ಗೀತಾಂಜಲಿ ನೋಡಿದಳು. "ಪ್ಯಾಂಟು ಗಿಡ್ಡ ಐತ್ರಿ. ಮತ್ತೇನು?"

"ಇದು ನನ್ನ ಹೆಂಡ್ತಿ ಹೊಲಿದದ್ದರಿ."

"ಯಾರು ಹೊಲಿದ್ರೂ..."

"ಆಕಿ ಕೈ ತಪ್ಪೂದಿಲ್ರಿ ಮೇಡಂ."

ಅವನು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಬಾದಾಮಿ ರಸ್ತೆ ಯಾವ ಕಡೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದ್ದ. ಗೀತಾಂಜಲಿ ಎಕ್ಸ್‌ರೇಗಳನ್ನು ಲಕೋಟೆಗೆ ಸೇರಿಸಿದಳು.

"ನನ್ನ ಕೈನೂ ತಪ್ಪಿಲ್ರಿ, ಮುರ್ತುಜಸಾಬರ," ಎಂದಳು ಮೆಲ್ಲಗೆ. "ಟೈರ್ ಕಿತ್ತು ಒಗೀರಿ. ಗೋಡಿ ಹಿಡದು ನಿಂದ್ರೂದು ಇವತ್ತಿಂದನ ಚಾಲೂ ಮಾಡ್ರಿ. ಇಲ್ಲಂದ್ರ ನಾ ಕೂಡಿಸಿದ್ದು ಎಲ್ಲಾ ಸರಿ ಇದ್ರೂ ನೀವು ತಪಾಸಣಿ ದಾಟೂದಿಲ್ಲ."

ವಾಪಸ್ ಬರುವ ಬಸ್ಸಿನಲ್ಲಿ ಅಮೀನಗಡ ದಾಟಿದ ಮೇಲೆ ಹುಲ್ಲಪ್ಪ, "ಎಕ್ಸ್‌ರೇ ನಂಬಂಗಿಲ್ಲ, ನನ್ನ ಕಣ್ಣು ನಂಬಂಗಿಲ್ಲ, ಹೆಂಡ್ತಿ ಹೊಲಿಗಿ ನಂಬ್ತಿ. ಇಂಥ ಗಂಡಸು ನಮ್ಮ ಓಣ್ಯಾಗ ಒಬ್ಬನೂ ಇಲ್ಲ ನೋಡು," ಎಂದ.

"ನಿನ್ನ ಹೆಂಡ್ತಿ ಹೊಲಿದ ಚೀಲ ನೋಡೇನಿ ನಾ. ನೀ ನಂಬದ ಇದ್ದದ್ದ ಬರೋಬ್ಬರಿ."

*

ಮನೆಗೆ ಬಂದವನೇ ಪ್ಯಾಂಟು ಬಿಚ್ಚಿ ಲುಂಗಿ ಸುತ್ತಿಕೊಂಡ. ಪ್ಯಾಂಟನ್ನು ಮಂಚದ ಮೇಲೆ ಹಾಸಿದ. ನಡುವಿನ ಹೊಲಿಗೆಗೆ ಸರಿಯಾಗಿ ಎರಡು ಪಾಲು ಮಡಚಿ, ಎರಡೂ ಕಾಲು ಒಂದರ ಮೇಲೊಂದು ಕೂತದ್ದನ್ನು ಹಾಗೇ ಕಾಗದದಲ್ಲಿ ಸುತ್ತಿ ಡಾಕ್ಟರಿಗೆ ತೋರಿಸಬೇಕೆಂದಿದ್ದ. ನೋಡ್ರಿ, ಸಮ ಐತಿ, ಈಗ ಏನಂತೀರಿ?

ಮಡಚಿದ. ಎಡಗಾಲು ಬಲಗಾಲಿನ ಅಂಚಿಗೆ ಮುಟ್ಟಲಿಲ್ಲ.

ಮತ್ತೆ ಬಿಡಿಸಿ, ಕೈಯಿಂದ ಸುಕ್ಕು ತೀಡಿ, ಮತ್ತೆ ಮಡಚಿದ. ಅಷ್ಟೇ ಕಮ್ಮಿ.

ಅವನಿಗೆ ಮೊದಲು ಬಂದದ್ದು ಹೆದರಿಕೆ. ಜೋಹರಾಳ ಕಣ್ಣಿಗೇನಾದರೂ ಆಗಿದೆಯೇ? ಮಗಳ ಮನೆಗೆ ಹೋಗುವ ಗಡಿಬಿಡಿಯಲ್ಲಿ ಹೊಲಿದಳೇ? ಇಲ್ಲ, ಇದು ಆಪರೇಶನ್ನಿಗಿಂತ ಮುಂಚಿನದು. ಗೋಡೆಯ ಹತ್ತಿರದ ಟ್ರಂಕು ತೆರೆದ. ಬಣ್ಣ ಹೋದ ಖಾಕಿಗಳನ್ನು ಆಕೆ ಬಿಸಾಡುವುದಿಲ್ಲ. ಡ್ರೈವರ್ ಸೀಟಿನ ಮೆತ್ತೆಗೆ ಆಗುತ್ತವೆಂದು ತೊಳೆದು ಇಡುತ್ತಾಳೆ. ಒಂದನ್ನು ತೆಗೆದು ಹಾಸಿ ಮಡಚಿದ. ಎಡಗಾಲು ಗಿಡ್ಡ, ಆದರೆ ಮೊದಲಿನದಕ್ಕಿಂತ ಸ್ವಲ್ಪ ಕಮ್ಮಿ. ಅದರ ಕೆಳಗಿನದು ಇನ್ನೂ ಕಮ್ಮಿ. ಅದರ ಕೆಳಗೆ ಮೊಣಕಾಲಿನಲ್ಲಿ ಜಾಳಾದ ಒಂದು. ನರ್ಗೀಸಳ ಮದುವೆಯ ವರ್ಷದ್ದು ಅದು, ಜೇಬಿನ ಹತ್ತಿರ ಅವತ್ತಿನ ಅರಿಷಿಣದ ಕಲೆ ಇನ್ನೂ ಇತ್ತು. ಅದರಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ, ಉಗುರಿನಷ್ಟು. ತಳದಲ್ಲಿದ್ದ ಎಲ್ಲಕ್ಕಿಂತ ಹಳೆಯದರಲ್ಲಿ ಎರಡೂ ಕಾಲು ಸಮ.

ಮಂಚದ ಮೇಲೆ ಅವನ ಕಾಲುಗಳು ಸಾಲಾಗಿ ಮಲಗಿದ್ದವು.

ಅವನು ಪಕ್ಕದಲ್ಲಿ ಕೂತ. ತಾನು ಈಗ ಬಿಚ್ಚಿಟ್ಟ ಪ್ಯಾಂಟಿನ ಎಡ ಅಂಚನ್ನು ಬೆರಳಲ್ಲಿ ಹಿಡಿದ. ದಪ್ಪವಿತ್ತು. ಒಳಗೆ ತಿರುವಿ ನೋಡಿದ. ಬಟ್ಟೆಯನ್ನು ಕತ್ತರಿಸಿರಲಿಲ್ಲ. ಎರಡೂ ಕಾಲಿಗೆ ಒಂದೇ ಉದ್ದ ಬಟ್ಟೆ ಹಿಡಿದು, ಎಡಗಾಲಿನ ಹೆಚ್ಚಿನದ್ದನ್ನು ಒಳಗೆ ಮಡಚಿ, ಹೊರಗೆ ಒಂದು ಎಳೆಯೂ ಕಾಣದ ಹಾಗೆ ಕೈಹೊಲಿಗೆ ಹಾಕಿದ್ದಳು. ಮೇಲಿನಿಂದ ನೋಡಿದವರಿಗೆ ಅದು ಬೇರೆಲ್ಲ ಪ್ಯಾಂಟಿನ ಹಾಗೆಯೇ. ಉಳಿದವುಗಳನ್ನೂ ತಿರುವಿ ನೋಡಿದ. ತಳದ ಹಳೆಯದೊಂದನ್ನು ಬಿಟ್ಟು ಎಲ್ಲದರಲ್ಲೂ ಹಾಗೇ. ವರ್ಷ ವರ್ಷವೂ ಮಡಿಕೆ ದೊಡ್ಡದಾಗುತ್ತ ಬಂದಿತ್ತು. ಕತ್ತರಿ ಒಮ್ಮೆಯೂ ಬಿದ್ದಿರಲಿಲ್ಲ.

ಒಂದು ಎಳೆ ಜಗ್ಗಿದರೆ ಬಿಚ್ಚುತ್ತಿತ್ತು. ಉಗುರು ಅಲ್ಲಿಗೆ ಹೋಗಿತ್ತು ಕೂಡ. ಆದರೆ ಆಕೆ ಹಾಕಿದ ಹೊಲಿಗೆಯನ್ನು ತಾನು ಬಿಚ್ಚುವುದು ಸರಿಯಲ್ಲ ಎನ್ನಿಸಿತು. ಅಂಗಳಕ್ಕೆ ಹೋಗಿ ಬಲಗಾಲಿನ ಚಪ್ಪಲಿಯ ಟೈರನ್ನು ಸ್ಕ್ರೂಡ್ರೈವರಿನಿಂದ ಕಿತ್ತ. ಹೊರಗೆ ಹಾಯುತ್ತಿದ್ದ ಮೇಕೆ ಅದನ್ನು ಮೂಸಿ ನೋಡಿ ಮುಂದೆ ಹೋಯಿತು.

*

ಮರುದಿನ ಬಾದಾಮಿಯ ಬಸ್ಸಿನಲ್ಲಿ ಅವನು ಕಿಟಕಿಯ ಸೀಟಿನಲ್ಲಿ ಕೂತಿದ್ದ. ತಾನು ಓಡಿಸುತ್ತಿದ್ದ ರಸ್ತೆಯನ್ನು ಪಕ್ಕದಿಂದ ನೋಡುವುದು ಅವನಿಗೆ ಹೊಸದು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಂಡ. ಮುಂದಿನ ಸೀಟಿನಲ್ಲಿದ್ದ ಚಿಕ್ಕ ವಯಸ್ಸಿನ ಡ್ರೈವರ್ ಕ್ಲಚ್ಚು ಒತ್ತಿದಾಗಲೆಲ್ಲ ಇವನ ಎಡಪಾದವೂ ನೆಲ ಒತ್ತುತ್ತಿತ್ತು. ಸೊಂಟದ ಪಕ್ಕದಲ್ಲಿ ಏನೋ ಬಿಗಿಯಾಗಿ ಎದ್ದು, ಮತ್ತೆ ಸಡಿಲಾಗುತ್ತಿತ್ತು. ಇರಲಿ, ತಕರಾರು ಮಾಡಲಿ ಎಂದುಕೊಂಡ.

ನರ್ಗೀಸಳ ಮನೆ ಕೆಂಪು ಗುಡ್ಡದ ಕೆಳಗಿನ ಓಣಿಯಲ್ಲಿ. ಮಂಗಗಳಿಗೆ ಹೆದರಿ ಎಲ್ಲ ಕಿಟಕಿಗೂ ಜಾಳಿಗೆ. ಜೋಹರಾ ಪಡಸಾಲೆಯಲ್ಲಿ ಕೂಸಿನ ತಲೆಗೆ ಕುಲಾಯಿ ಹೊಲಿಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತದ್ದನ್ನು ನೋಡಿದಳು. ಕಣ್ಣು ನೇರ ಪ್ಯಾಂಟಿನ ಎಡ ಅಂಚಿಗೆ ಹೋಯಿತು. ಸೂಜಿ ನಿಂತಿತು.

"ಅಯ್ಯ! ಇದನ್ನ ಹಾಕ್ಕೊಂಡು ಬಂದ್ರಾ?"

"ಡಿಪೊಕೂ ಇದನ್ನ ಹಾಕ್ಕೊಂಡು ಹೋಗಿದ್ನಿ. ದವಾಖಾನಿಗೂ. ಡಾಕ್ಟರ್ ಬಾಯಿಗೆ ಹೇಳೇನಿ, ನನ್ನ ಹೆಂಡ್ತಿ ಕೈ ತಪ್ಪೂದಿಲ್ಲ, ನಿಮ್ಮದ ತಪ್ಪೇತಿ ಅಂತ."

"ಯಾ ಅಲ್ಲಾ!" ಆಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಆ ಬಾಯಿ ಎಷ್ಟು ಛಲೋ ಮಾಡ್ಯಾಳ ನಿಮಗ! ಫೋನಿನ್ಯಾಗ ಒಂದು ಮಾತು ಹೇಳೂದಲ್ಲ? ಆರಾಮ ಅದಾವ ಅಂದ್ರಿ!"

"ನೀ ಹೇಳಿದೇನು? ಇಷ್ಟು ವರ್ಷ?"

ಒಳಗಿನಿಂದ ನರ್ಗೀಸ, "ಯಾರು ಅಮ್ಮೀ? ಅಬ್ಬಾ ಬಂದ್ರಾ?" ಎಂದು ಕೂಗಿದಳು. ಅವನು ಕಂಬಕ್ಕೆ ಕೈ ಕೊಟ್ಟು ಆಕೆಯ ಎದುರಿನ ಕುರ್ಚಿಯಲ್ಲಿ ಕೂತ.

"ಟ್ರಂಕು ತೆಗದು ಎಲ್ಲಾ ಹಾಸಿ ನೋಡಿದೆ," ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. "ಹೆಂಗ ಗೊತ್ತಾಗ್ತಿತ್ತು ನಿನಗ? ಎಂದೂ ಟೇಪು ಹಿಡೀಲಿಲ್ಲ ನೀ."

ಜೋಹರಾ ಕುಲಾಯಿಯ ದಾರವನ್ನು ಬೆರಳಿಗೆ ಸುತ್ತಿದಳು. "ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ಮಲಗ್ತಿದ್ರಲ್ಲ. ಆವಾಗ ಎರಡೂ ಹಿಮ್ಮಡ ನೋಡ್ತಿದ್ದೆ. ಮೊದಲ ಸಲ ಹೇಳಿದ್ದೆ ನಿಮಗ, ನೆನಪಿಲ್ಲ. ಕಾಲು ಗಿಡ್ಡ ಆಗಾಕ ಹತ್ತೇತಿ ಅಂದೆ. ಎಂಥಾ ಸಿಟ್ಟಿಗೆದ್ದಿದ್ರಿ! ಡಿಪೊದಾಗ ಯಾರರ ಕೇಳಿದ್ರ ಸ್ಟೇರಿಂಗ್ ಬಿಡಸ್ತಾರ ಅಂತ ತಾಟು ಸರಿಸಿ ಎದ್ದು ಹೋದ್ರಿ."

ಅವನಿಗೆ ತಾಟು ನೆನಪಿರಲಿಲ್ಲ. ಸರಿಸಿರಬಹುದು.

"ಎಡಗಡೆ ಪ್ಯಾಂಟು ಹಿಮ್ಮಡದ ಕೆಳಗ ಸಿಗತಿತ್ತು. ಎಲ್ಲಿ ಕ್ಲಚ್ಚಿಗೆ ಸಿಕ್ಕೊಂಡೀತು ಅಂತ ನನಗ ಜೀವ ಹೋದಂಗ ಆಗ್ತಿತ್ತು. ಹೇಳಿದ್ರ ಕೇಳಂಗಿಲ್ಲ. ಅದಕ್ಕ ಹೇಳೂದು ಬಿಟ್ಟು ಮಡಚಾಕ ಹತ್ತಿದೆ." ಬೆರಳಿನ ದಾರ ಬಿಚ್ಚುತ್ತ, "ನಾ ಮಡಚದ ಇದ್ದಿದ್ರ ನೀವು ಎಡವಿ ಬಿದ್ದು, ಮೊದಲ ದವಾಖಾನಿಗೆ ಹೋಗ್ತಿದ್ರೇನೋ ಅಂತ ಆಪರೇಶನ್ ದಿನ ಹೊರಗ ಕುಂತು ಅದನ್ನ ವಿಚಾರ ಮಾಡಿದೆ," ಎಂದಳು.

"ಬಸ್ಸಿನ್ಯಾಗ ಜನ ಇದ್ರು ಜೋಹರಾ. ನೀ ಮಡಚಿದ್ದಕ್ಕ ನಾ ಬೀಳ್ಲಿಲ್ಲ, ಅವ್ರೂ ಬೀಳ್ಲಿಲ್ಲ."

ಆಕೆ ಕುಲಾಯಿಗೆ ಮತ್ತೊಂದು ಹೊಲಿಗೆ ಹಾಕಿದಳು.

"ಒಂದು ಹೇಳು. ಕತ್ತರಿ ಯಾಕ ಹಾಕ್ಲಿಲ್ಲ? ಇಷ್ಟು ದಪ್ಪ ಮಡಚೂಕಿಂತ ಕತ್ತರಿಸಿದ್ರ ಹಗುರ ಆಗ್ತಿತ್ತಲ್ಲ."

"ಯಾಕ ಕತ್ತರಿಸ್ಲಿ?" ಜೋಹರಾಳಿಗೆ ಈ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಕಾಲು ನಿಮ್ಮದ ಅಲ್ಲೇನು? ಎಂದರ ತಿರುಗಿ ಬಂದ್ರ?"

ಗುಡ್ಡದ ಕಡೆಯಿಂದ ಮಂಗವೊಂದು ಬಂದು ಜಾಳಿಗೆ ಅಲ್ಲಾಡಿಸಿತು. ಮುರ್ತುಜಸಾಬ ಆ ಕಡೆ ಮುಖ ತಿರುಗಿಸಿ, ಕಣ್ಣು ಒರೆಸಿಕೊಂಡು, ಮಂಗವನ್ನು ಬೈದ.

"ನಿಂದರ್ರಿ," ಎಂದಳು ಜೋಹರಾ. ಅವನು ಕಂಬ ಹಿಡಿದು ನಿಂತ. ಆಕೆ ನೆಲದ ಮೇಲೆ ಕೂತು, ಎಡಗಾಲಿನ ಅಂಚನ್ನು ಮಡಿಲಿಗೆ ಎಳೆದುಕೊಂಡು, ಸೂಜಿಯ ತುದಿಯಿಂದ ಒಂದೊಂದೇ ಎಳೆ ಬಿಚ್ಚಿದಳು. ಕಡೆಯ ಎಳೆ ಬಂದಾಗ ಮಡಿಕೆ ತಾನಾಗಿ ಇಳಿಯಿತು. ಬಿಸಿಲಿಗೆ ಬಣ್ಣ ಹೋದ ಪ್ಯಾಂಟಿನ ತುದಿಯಲ್ಲಿ ಬಿಸಿಲನ್ನೇ ಕಾಣದ ಒಂದು ಪಟ್ಟಿ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇತ್ತು. ಅಂಚು ಚಪ್ಪಲಿಯ ಮೇಲೆ ಬಂದು ಕೂತಿತು. ಬಲಗಡೆಯದು ಎಲ್ಲಿ ಕೂತಿತ್ತೋ ಸರಿಯಾಗಿ ಅಲ್ಲಿಗೆ.

ಜೋಹರಾ ಹಿಂದೆ ಸರಿದು, ತಲೆ ಬಗ್ಗಿಸಿ ಎರಡನ್ನೂ ನೋಡಿದಳು. ಮತ್ತೆ ನೋಡಿದಳು.

"ಆ ಬಾಯಿ ಕೈ ನೋಡ್ರಿ," ಎಂದಳು. "ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಮ್ಮಿಲ್ಲ."

*

ಅಲ್ಲಿಂದ ಮುಂದಿನದು ಬರೀ ಕೆಲಸ. ಅವನು ಮಗಳ ಮನೆಯಲ್ಲೇ ಉಳಿದ. ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದಾದ ಮೇಲೆ ಜೋಹರಾ ಅವನ ಪಾಳಿ ಹಚ್ಚುತ್ತಿದ್ದಳು. ಅವನು ಕಂಬಕ್ಕೆ ಬೆರಳು ಮುಟ್ಟಿಸಿ ಎಡಗಾಲ ಮೇಲೆ ನಿಲ್ಲುವುದು. ಆಕೆ ಹಿಂದೆ ನಿಂತು ಸೊಂಟದ ಎರಡೂ ಕಡೆ ಅಂಗೈ ಇಡುವುದು.

"ಬಲಗಡೆ ಇಳೀತು."

"ಎಲ್ಲಿ ಇಳೀತು?"

"ಇಳೀತಂದ್ರ ಇಳೀತು. ಎತ್ತರಿ. ಮೈ ವಾಲಿಸಬ್ಯಾಡ್ರಿ, ಅದು ಕಳ್ಳಾಟ. ಹಗ್ಗದ ಕಡಿಂದ ಎತ್ತರಿ."

ಎಡಸೊಂಟದ ಪಕ್ಕದ ಆ ಸ್ನಾಯು ಮೊದಲು ನಡುಗಿತು, ಉರಿಯಿತು, ಕೈಬಿಟ್ಟಿತು. ಮರುದಿನ ಸ್ವಲ್ಪ ಹೆಚ್ಚು ತಡೆಯಿತು. ನರ್ಗೀಸಳ ದೊಡ್ಡ ಮಗಳು ಶಾಲೆಗೆ ಹೋಗುವ ಮುಂಚೆ ಅಜ್ಜನ ಪಕ್ಕದಲ್ಲಿ ತಾನೂ ಒಂಟಿಕಾಲಲ್ಲಿ ನಿಂತು, ಅವನಿಗಿಂತ ಹೆಚ್ಚು ಹೊತ್ತು ನಿಂತೆನೆಂದು ಕೇಕೆ ಹಾಕಿ ಓಡುತ್ತಿದ್ದಳು. ಒಂದು ದಿನ ಅಂಗೈಗೆ ಏನೂ ತಗ್ಗು ಸಿಗದೆ ಜೋಹರಾ ಮಾತಾಡದೆ ನಿಂತಳು. ಅವನು, "ಏನಾತು?" ಎಂದ. "ಏನೂ ಆಗ್ಲಿಲ್ಲ," ಎಂದಳು ಆಕೆ, ಅದೇ ದೊಡ್ಡ ಸುದ್ದಿ ಎಂಬಂತೆ.

ತಪಾಸಣೆಗೆ ಹೊಸ ಪ್ಯಾಂಟು ಹೊಲಿದುಕೊಡುತ್ತೇನೆ ಎಂದು ಜೋಹರಾ ಹೇಳಿದರೂ ಅವನು ಕೇಳಲಿಲ್ಲ. ಎಡಗಾಲಿನ ತುದಿಯಲ್ಲಿ ಕಡುಗಂದು ಪಟ್ಟಿಯಿದ್ದ ಅದೇ ಪ್ಯಾಂಟು ಹಾಕಿಕೊಂಡು ಬಾಗಲಕೋಟೆಗೆ ಹೋದ. ತಪಾಸಣೆಯ ಡಾಕ್ಟರ್ ವಯಸ್ಸಾದವರು, ಹೆಚ್ಚು ಮಾತಿಲ್ಲ. ಎಡಗಾಲ ಮೇಲೆ ನಿಲ್ಲಲು ಹೇಳಿ ಹಿಂದೆ ಹೋಗಿ ನಿಂತರು. ಬೆನ್ನ ಹಿಂದೆ ಅಂಗೈಗಳಿಲ್ಲದೆ ಅವನಿಗೆ ಒಂದು ಗಳಿಗೆ ಗಾಬರಿಯಾಯಿತು. ಆಮೇಲೆ ಅವು ಇವೆ ಎಂದುಕೊಂಡು ನಿಂತ. ಸ್ನಾಯು ನಡುಗಿತು, ಹಿಡಿಯಿತು.

"ಸಾಕು, ಇಳಸ್ರಿ ಕಾಲು," ಎಂದರು ಡಾಕ್ಟರ್. "ನಡದು ತೋರಸ್ರಿ." ನಡೆದ. ಅವರು ಸಹಿ ಹಾಕಿದರು.

ಅಲ್ಲಿಂದ ನೇರ ಗೀತಾಂಜಲಿಯ ಹತ್ತಿರ ಹೋದ. ಈ ಸಲ ನವನಗರದಲ್ಲಿ ತಿರುವು ತಪ್ಪಲಿಲ್ಲ. ಕರದಂಟಿನ ಪೊಟ್ಟಣ ಮೇಜಿನ ಮೇಲಿಟ್ಟ.

"ನಿಮ್ಮ ಕೈ ತಪ್ಪಿಲ್ರಿ ಮೇಡಂ. ಸುಮ್ನ ನಿಮ್ಮ ಮ್ಯಾಲ ಹೊರಿಸಿದ್ನಿ, ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಆ ಜಾಗಕ್ಕ ಕೂಡಿಸಿದ್ದಕ್ಕ ನಾ ಇವತ್ತ ನಿಂತೇನಿ."

"ನಿಮ್ಮ ಹೆಂಡ್ತಿ ಕೈ?"

"ಆಕಿದೂ ತಪ್ಪಿಲ್ರಿ," ಎಂದು ಕಾಲು ಮುಂದೆ ಚಾಚಿ ಪಟ್ಟಿ ತೋರಿಸಿದ. ಕತೆ ಹೇಳಿದ. ಗೀತಾಂಜಲಿ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ಆ ಬಣ್ಣ ಹೋಗದ ಬಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದಳು. ಹೊರಗೆ ರೋಗಿಗಳು ಕಾಯುತ್ತಿದ್ದರು. ಅವಳಿಗೆ ಏಳಲು ಮನಸ್ಸಾಗಲಿಲ್ಲ.

ಡ್ಯೂಟಿಯ ಮೊದಲ ದಿನ ಬಾದಾಮಿಯಿಂದ ಹೊರಡುವ ಬಸ್ಸಿನಲ್ಲಿ ಜೋಹರಾ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಇಳಕಲ್ಲಿಗೆ ವಾಪಸ್. ಹುಲ್ಲಪ್ಪ ಟಿಕೀಟು ಕೊಡುತ್ತ ಮುಂದೆ ಬಂದ.

"ಭಾಭಿ, ಎಡಗಾಲಿಗೆ ಬಾರ್ಡರ್ ಭಾಳ ಛಲೋ ಕುಂತೈತಿ. ಇಳಕಲ್ ಸೀರಿಗೂ ಹಿಂಗ ಹಚ್ತೀರೇನು?"

"ನಿಮ್ಮ ಪ್ಯಾಂಟು ಕೊಡ್ರಿ, ಹಚ್ಚಿ ಕೊಡ್ತೇನಿ. ಎಡಕ್ಕಷ್ಟ ಸಾಕೋ, ಎರಡಕ್ಕೂ ಬೇಕೋ?"

ಮುರ್ತುಜಸಾಬ ಹಿಂದೆ ತಿರುಗಲಿಲ್ಲ. ಕ್ಲಚ್ಚು ಒತ್ತಿದ. ಕಡುಗಂದು ಪಟ್ಟಿ ಕೆಳಗೆ ಹೋಯಿತು. ಗೇರು ಬಿತ್ತು. ಪಟ್ಟಿ ನಿಧಾನ ಮೇಲೆ ಬಂತು. ಬಸ್ಸು ಕೆಂಪು ಗುಡ್ಡದ ನೆರಳಿನಿಂದ ಬಿಸಿಲಿಗೆ ಹೊರಟಿತು. ಜೋಹರಾ ಮಡಿಲಿನ ಚೀಲದಿಂದ ಹೊಸ ಖಾಕಿ ಬಟ್ಟೆ ತೆಗೆದು, ಮೊಣಕಾಲ ಮೇಲೆ ಹಾಸಿ, ಎರಡೂ ಅಂಚು ಜೋಡಿಸಿ ಒಂದೇ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದಳು. ಬಸ್ಸು ರಸ್ತೆಯುಬ್ಬು ದಾಟುವಾಗ ಮಾತ್ರ ಕೈ ತಡೆದಳು. ಅವನು ಮೆಲ್ಲಗೆ ದಾಟಿಸಿದ.